ಎರಡು ಅಂಗಡಿ, ಒಂದೇ ಪಟ್ಟಿ

ಊಟದ ಮೇಜಿನ ಮೇಲೆ ಎರಡು ಬಿಲ್ ಹರಡಿಕೊಂಡು ಕೂತಿದ್ದೆವು, ನಾನೂ ನನ್ನ ಸೊಸೆಯೂ. ಒಂದು ಅವಳು ಕೆಲಸದಿಂದ ಬರುವ ದಾರಿಯಲ್ಲಿ ಸಿಗುವ ಅಂಗಡಿಯದು. ಇನ್ನೊಂದು ನನಗೆ ಹತ್ತಿರವಾಗುವ ಅಂಗಡಿಯದು. ಎರಡೂ ಮೈದಾನದಷ್ಟು ದೊಡ್ಡ ಡಿಸ್ಕೌಂಟ್ ಸ್ಟೋರ್‌ಗಳೇ. "ನಮ್ಮದೇ ಅಗ್ಗ ಅತ್ತೆ" ಅಂತ ಅವಳು, "ಇಲ್ಲ ಕಣೇ, ನನ್ನದೇ" ಅಂತ ನಾನು. ವರ್ಷದಿಂದ ಇದೇ ವಾದ. ಇತ್ಯರ್ಥ ಮಾಡಿಯೇಬಿಡೋಣ ಎಂದು ಒಂದೇ ಪಟ್ಟಿಯನ್ನು ಎರಡು ಸಲ ಬರೆದು, ಒಂದೇ ದಿನ ಅವಳು ಅಲ್ಲಿಗೆ, ನಾನು ಇಲ್ಲಿಗೆ ಹೋದೆವು. ಹೇಗೂ ಕೆಡದ ಸಾಮಾನು, ಎರಡು ತಿಂಗಳಿಗೆ ಆಯಿತು ಅಂದುಕೊಂಡೆವು.

ಪಟ್ಟಿಯಲ್ಲಿ ಇದ್ದದ್ದು 22 ಸಾಮಾನು. ಅವಳ ಬಿಲ್ಲಿನಲ್ಲಿ 31 ಸಾಲು, ನನ್ನದರಲ್ಲಿ 27. ಪೆನ್ಸಿಲ್ ಹಿಡಿದು ಪಟ್ಟಿಯಲ್ಲಿದ್ದಕ್ಕೆಲ್ಲ ಟಿಕ್ ಹಾಕಿ ಕೂಡಿದರೆ, ಎರಡೂ ಕಡೆಯ ಮೊತ್ತ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಕೂತಿದ್ದದ್ದು ಟಿಕ್ ಬೀಳದ ಸಾಲುಗಳಲ್ಲಿ. ಅವಳ ಕಡೆ ದಿಂಬಿನ ಕವರು, ಡಬ್ಬಿಗಳ ಸೆಟ್ಟು, ಸುವಾಸನೆಯ ಮೇಣದಬತ್ತಿ, ಇನ್ನೂ ಏನೇನೋ. ನಗುವ ಹಾಗೂ ಇರಲಿಲ್ಲ. ನನ್ನ ಬಿಲ್ಲಿನಲ್ಲಿ ತೋಟದ ಕೆಲಸಕ್ಕೆ ಹಾಕುವ ಒಂದು ಜೊತೆ ಕೈಗವಸು ಇತ್ತು. ನಮ್ಮ ಮನೆಗೆ ತೋಟವೇ ಇಲ್ಲ!

ಆದ್ದರಿಂದ ಯಾವ ಅಂಗಡಿ ಅಗ್ಗ ಎಂದು ನೋಡುವವರು ಜಾಹೀರಾತು ಹಿಡಿದು ಕೂರಬೇಡಿ. ನಿಮ್ಮದೇ ಪಟ್ಟಿ, ನಿಮ್ಮದೇ ಬಿಲ್ಲು, ಒಂದು ಪೆನ್ಸಿಲ್ಲು, ಇಷ್ಟು ಸಾಕು. ಟಿಕ್ ಬಿದ್ದ ಮೊತ್ತ ಒಂದು ಕಡೆ, ಬೀಳದ ಮೊತ್ತ ಇನ್ನೊಂದು ಕಡೆ ಬರೆಯಿರಿ. ಮೊದಲನೆಯದು ಅಂಗಡಿಯ ಬೆಲೆ. ಎರಡನೆಯದು ಆ ಅಂಗಡಿ ನಿಮ್ಮ ಮೇಲೆ ಮಾಡುವ ಮೋಡಿಯ ಬೆಲೆ. ನನ್ನ ಕೇಳಿದರೆ ಎರಡನೆಯದನ್ನೇ ಮೊದಲು ನೋಡಬೇಕು.

ಅಂಗಡಿಗಳಿಗೂ ಒಂದೊಂದು ಸ್ವಭಾವ ಇರುತ್ತದೆ. ಅಮೆರಿಕದಲ್ಲಿ ಕೆಮಾರ್ಟ್, ಟಾರ್ಗೆಟ್, ವಾಲ್‌ಮಾರ್ಟ್ ಮೂರೂ ಬಾಗಿಲು ತೆರೆದದ್ದು ಒಂದೇ ವರ್ಷ, 1962ರಲ್ಲಿ. ಮೂರೂ ಮಾರಿದ್ದು ಹೆಚ್ಚುಕಡಿಮೆ ಅದೇ ಸಾಮಾನು. ಆದರೆ ನಡೆದ ದಾರಿ ಬೇರೆ ಬೇರೆ. ವಾಲ್‌ಮಾರ್ಟ್ "ದಿನವೂ ಕಡಿಮೆ ಬೆಲೆ" ಅಂತ ಹಿಡಿಯಿತು. ಕೆಮಾರ್ಟ್ 1965ರಿಂದ ನೀಲಿ ದೀಪದ ಆಟ ಶುರು ಮಾಡಿತು. ಅಂಗಡಿಯ ಯಾವುದೋ ಮೂಲೆಯಲ್ಲಿ ನೀಲಿ ದೀಪ ಮಿನುಗಿದರೆ, ಸ್ವಲ್ಪ ಹೊತ್ತು ಮಾತ್ರ ಅಲ್ಲಿನ ಸಾಮಾನಿಗೆ ಬೆಲೆ ಇಳಿಕೆ. ಜನ ಟ್ರಾಲಿ ತಳ್ಳಿಕೊಂಡು ಅತ್ತ ಓಡಬೇಕು. ಟಾರ್ಗೆಟ್ ಅಂದಚಂದಕ್ಕೆ ಜಾಸ್ತಿ ಗಮನ ಕೊಟ್ಟಿತು. ಆಮೇಲೆ ಬಂದ ಕಾಸ್ಟ್‌ಕೋ ಮೊದಲೇ ಸದಸ್ಯತ್ವದ ಹಣ ಕಟ್ಟಿಸಿಕೊಂಡು ಒಳಗೆ ಬಿಡುತ್ತದೆ. ಅಲ್ಲಿ ಸಿಗುವ ಸಾಮಾನಿನ ಬಗೆ ಸುಮಾರು 4,000 ಮಾತ್ರ. ವಾಲ್‌ಮಾರ್ಟಿನ ದೊಡ್ಡ ಅಂಗಡಿಯಲ್ಲಿ ಅದು ಲಕ್ಷ ದಾಟುತ್ತದೆ. ನಿಮ್ಮ ಅಂಗಡಿಯ ಹೆಸರು ಏನೇ ಇರಲಿ, ಅದರ ಸ್ವಭಾವ ಈ ನಾಲ್ಕರಲ್ಲಿ ಒಂದಕ್ಕೆ ಹತ್ತಿರ ಇರುತ್ತದೆ.

ನಿಮ್ಮ ಸ್ವಭಾವ ಯಾವುದು ಅನ್ನುವುದೂ ಅಷ್ಟೇ ಮುಖ್ಯ. ಶೇ 50 ಎಂಬ ಕೆಂಪು ಚೀಟಿ ಕಂಡರೆ ಕೈ ತಡೆಯದವರು ಆಗಾಗ ಬೆಲೆ ಇಳಿಸುವ ಅಂಗಡಿಗೆ ಹೋಗಲೇಬಾರದು. ಅಂಥ ಕಡೆ ಉಳಿಯುವುದು ಕಾದು ಕೂತು, ಬೆಲೆ ಇಳಿದಾಗ ಮಾತ್ರ ಬೇಕಾದ್ದನ್ನೇ ಎತ್ತಿಕೊಳ್ಳುವ ತಾಳ್ಮೆಯವರಿಗೆ. ಯಾವ ಅಂಗಡಿಯಲ್ಲಿ ಏನಿದೆ ಎಂದು ಮನೆಯಲ್ಲೇ ತಲೆ ಕೆಡಿಸಿಕೊಳ್ಳಲು ಪುರುಸೊತ್ತಿಲ್ಲದವರಿಗೆ ದಿನವೂ ಒಂದೇ ಬೆಲೆಯ ಅಂಗಡಿಯೇ ವಾಸಿ. ಇನ್ನು ಸದಸ್ಯತ್ವದ ಅಂಗಡಿ. ವರ್ಷಕ್ಕೆ ಕಟ್ಟುವ ಹಣವನ್ನು ಹನ್ನೆರಡರಿಂದ ಭಾಗಿಸಿ. ತಿಂಗಳಿಗೆ ಅಷ್ಟಾದರೂ ಉಳಿಯುತ್ತದಾ ನೋಡಿ. ಇಬ್ಬರೇ ಇರುವ ಮನೆಗೆ ಹನ್ನೆರಡು ಪ್ಯಾಕಿನ ಕಟ್ಟು ತಂದರೆ ಇಡಲು ಜಾಗವೂ ಬೇಕು, ತೀರುವ ಮೊದಲು ಕೆಡಲೂಬಾರದು. ಕೆಟ್ಟದ್ದನ್ನು ಎಸೆದ ಮೇಲೆ ಅದು ಅಗ್ಗ ಹೇಗಾಗುತ್ತದೆ?

ಬೆಲೆ ಹೋಲಿಸುವುದರಲ್ಲಿ ಎಲ್ಲರೂ ಜಾರುವ ಜಾಗ ಒಂದಿದೆ. ಪ್ಯಾಕೆಟ್ಟಿನ ಬೆಲೆ ನೋಡುತ್ತೇವೆ, ತೂಕ ನೋಡುವುದಿಲ್ಲ. ಸೋಪಿನ ಪುಡಿ ಒಂದು ಕಡೆ 800 ಗ್ರಾಂಗೆ 240, ಇನ್ನೊಂದು ಕಡೆ 1 ಕೆಜಿಗೆ 290 ಇದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಕಣ್ಣಿಗೆ ಮೊದಲನೆಯದು ಅಗ್ಗ. 100 ಗ್ರಾಂಗೆ ಇಳಿಸಿ ನೋಡಿದರೆ ಅದು 30, ಇದು 29. ಅದರ ಪಕ್ಕದಲ್ಲೇ 2 ಕೆಜಿಯ ಬಕೆಟ್ಟು 610ಕ್ಕೆ ಇಟ್ಟಿರುತ್ತಾರೆ. ಬಕೆಟ್ ಅಂದಮೇಲೆ ಲಾಭವೇ ಅಂತ ಎತ್ತಿಕೊಳ್ಳುತ್ತೇವೆ, ಅಲ್ವಾ? ಅದು 100 ಗ್ರಾಂಗೆ 30.50 ಬೀಳುತ್ತದೆ, ಮೂರರಲ್ಲೂ ಅದೇ ದುಬಾರಿ. ದೊಡ್ಡದೆಲ್ಲ ಅಗ್ಗವಲ್ಲ. ಎಷ್ಟೋ ಅಂಗಡಿಗಳಲ್ಲಿ ರ್ಯಾಕಿನ ಚೀಟಿಯ ಮೂಲೆಯಲ್ಲೇ ಈ ಲೆಕ್ಕವನ್ನು ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ಆದರೆ ಒಂದು ಚೀಟಿಯಲ್ಲಿ 100 ಗ್ರಾಂಗೆ, ಪಕ್ಕದ್ದರಲ್ಲಿ ಕೆಜಿಗೆ, ಇನ್ನೊಂದರಲ್ಲಿ ಒಂದು ಪ್ಯಾಕಿಗೆ ಅಂತ ಇರುವುದೂ ಉಂಟು. ಅದನ್ನು ಓದಲೆಂದೇ ಕನ್ನಡಕ ತೆಗೆದುಕೊಂಡು ಹೋಗಿ. ಟಿಶ್ಯೂ ಕೊಳ್ಳುವಾಗ ಸುರುಳಿ ಎಷ್ಟು ಅಂತ ಎಣಿಸಬೇಡಿ, ಒಟ್ಟು ಹಾಳೆ ಎಷ್ಟು ನೋಡಿ. ಬಟ್ಟೆ ಒಗೆಯುವ ದ್ರವವಾದರೆ ಲೀಟರ್ ಬಿಟ್ಟು, ಎಷ್ಟು ಸಲದ ಒಗೆತಕ್ಕೆ ಬರುತ್ತದೆ ಎಂದು ನೋಡಿ. ಗಟ್ಟಿ ಇದ್ದದ್ದು ಕಡಿಮೆ ಸಾಕು, ತೆಳ್ಳಗಿದ್ದದ್ದು ಜಾಸ್ತಿ ಬೇಕು.

ಇದರ ಜೊತೆ ಇನ್ನೊಂದು ಸೂಕ್ಷ್ಮ. ಒಂದೇ ಕಂಪನಿಯ ಒಂದೇ ಸಾಮಾನು ಈ ಅಂಗಡಿಯಲ್ಲಿ ಒಂದು ಅಳತೆಯಲ್ಲಿ, ಆ ಅಂಗಡಿಯಲ್ಲಿ ಇನ್ನೊಂದು ಅಳತೆಯಲ್ಲಿ ಸಿಗುತ್ತದೆ. ಮಿಕ್ಸರು, ಟಿವಿಗಳಲ್ಲಂತೂ ಮಾದರಿಯ ಸಂಖ್ಯೆಯ ಕೊನೆಯ ಅಕ್ಷರ ಮಾತ್ರ ಬೇರೆ ಇರುತ್ತದೆ. "ಬೇರೆಲ್ಲಾದರೂ ಇದಕ್ಕಿಂತ ಕಡಿಮೆಗೆ ಸಿಕ್ಕರೆ ಅದೇ ಬೆಲೆಗೆ ಕೊಡುತ್ತೇವೆ" ಎಂದು ಬೋರ್ಡು ಹಾಕಿರುವ ಕಡೆ ಹೋಗಿ ಕೇಳಿದರೆ, ಮಾದರಿ ಬೇರೆ ತಾಯಿ ಅಂತ ಕೈ ಚೆಲ್ಲುತ್ತಾರೆ. ಆ ಬೋರ್ಡಿನ ಕೆಳಗಿನ ಸಣ್ಣ ಅಕ್ಷರ ಓದದೆ ನಂಬಬೇಡಿ. ಅದೇ ಮಾದರಿ, ಅದೇ ಅಳತೆ, ಅಲ್ಲಿ ಸ್ಟಾಕ್ ಇರಬೇಕು, ಸೇಲಿನ ಬೆಲೆ ಆಗಬಾರದು, ಇಂಥ ನಾಲ್ಕಾರು ಕೊಕ್ಕೆ ಇದ್ದೇ ಇರುತ್ತವೆ.

ಮತ್ತೆ, ಹಾಲು ಮೊಟ್ಟೆ ಅಗ್ಗ ಇದ್ದ ಮಾತ್ರಕ್ಕೆ ಅಂಗಡಿಯೆಲ್ಲ ಅಗ್ಗ ಅಂದುಕೊಳ್ಳಬೇಡಿ. ಜನರಿಗೆ ಬಾಯಿಪಾಠ ಇರುವ ಬೆಲೆಗಳು ಕೆಲವೇ ಕೆಲವು. ಅವನ್ನು ಅಂಗಡಿಯವರು ಬೇಕೆಂದೇ ಇಳಿಸಿ ಇಡುತ್ತಾರೆ, ಕೆಲವೊಮ್ಮೆ ನಷ್ಟಕ್ಕೂ ಕೊಡುತ್ತಾರೆ. ನೆನಪಿನಲ್ಲಿ ಉಳಿಯದ ಸಾಮಾನಿನಲ್ಲಿ ಅದನ್ನು ವಸೂಲಿ ಮಾಡುತ್ತಾರೆ. ಹಾಗಾಗಿ ಹೊಸ ಅಂಗಡಿಗೆ ಹೋದರೆ ನಾನು ಮೊದಲು ನೋಡುವುದು ಬ್ಯಾಟರಿ, ಬಲ್ಬು, ಪಾತ್ರೆ ಉಜ್ಜುವ ಸ್ಪಂಜು, ಫೋನಿನ ಚಾರ್ಜಿಂಗ್ ವೈರು. ಅಲ್ಲಿ ಬೆಲೆ ನ್ಯಾಯವಾಗಿದ್ದರೆ ಆ ಅಂಗಡಿ ಸಾಮಾನ್ಯವಾಗಿ ಎಲ್ಲದರಲ್ಲೂ ನ್ಯಾಯವಾಗೇ ಇರುತ್ತದೆ.

ಒಳಗೆ ಸುತ್ತುವ ವಿಷಯಕ್ಕೆ ಬರೋಣ. ಟ್ರಾಲಿ ಹುಟ್ಟಿದ್ದು 1937ರಲ್ಲಿ, ಅಮೆರಿಕದ ಒಕ್ಲಹಾಮ ಸಿಟಿಯಲ್ಲಿ. ಸಿಲ್ವನ್ ಗೋಲ್ಡ್‌ಮನ್ ಎಂಬ ಅಂಗಡಿ ಮಾಲೀಕ, ಬುಟ್ಟಿ ಭಾರವಾದ ಕೂಡಲೇ ಜನ ಕೊಳ್ಳುವುದು ನಿಲ್ಲಿಸುತ್ತಾರೆ ಎಂದು ಗಮನಿಸಿ ಅದನ್ನು ಮಾಡಿಸಿದ. ಮೊದಮೊದಲು ಯಾರೂ ಮುಟ್ಟಲಿಲ್ಲವಂತೆ. ಕೊನೆಗೆ ಟ್ರಾಲಿ ತಳ್ಳಿಕೊಂಡು ಸುಮ್ನೆ ಓಡಾಡಲೆಂದೇ ಸಂಬಳ ಕೊಟ್ಟು ಜನರನ್ನು ಇಟ್ಟ! ಭಾರ ಗೊತ್ತಾಗದಿರಲಿ ಎಂದೇ ಬಂದ ಗಾಡಿ ಅದು. ಹತ್ತು ಸಾಮಾನಿಗಿಂತ ಕಡಿಮೆ ಇದ್ದರೆ ನಾನು ಬುಟ್ಟಿಯನ್ನೇ ಹಿಡಿಯುತ್ತೇನೆ. ತೋಳು ನೋಯಲು ಶುರುವಾದರೆ ಸಾಕು, ಬುದ್ಧಿ ತಾನಾಗಿ ಬರುತ್ತದೆ. ನನ್ನ ಕೈಗವಸು ಬಂದದ್ದು ಟ್ರಾಲಿಯ ದಿನ.

ಸಾಲಿನ ತುದಿಯಲ್ಲಿ ಗೋಪುರದ ಹಾಗೆ ಪೇರಿಸಿಟ್ಟ ಸಾಮಾನು ಕಂಡರೆ ಆಫರ್ ಇರಬೇಕು ಅನ್ನಿಸುತ್ತದೆ. ಹಾಗೇನಿಲ್ಲ. ಆ ಜಾಗಕ್ಕೆ ಎಷ್ಟೋ ಸಲ ಕಂಪನಿಗಳೇ ಅಂಗಡಿಗೆ ಹಣ ಕೊಟ್ಟಿರುತ್ತವೆ. ಕಣ್ಣಿನ ಎತ್ತರದ ಸಾಲೂ ಅಷ್ಟೆ. ಬಗ್ಗಿ ಕೆಳಗಿನ ಸಾಲು ನೋಡಿ. ಅಂಗಡಿಯವರದೇ ಹೆಸರಿನ ಸಾಮಾನು ಹೆಚ್ಚಾಗಿ ಅಲ್ಲೇ ಇರುತ್ತದೆ. ಉಪ್ಪು, ಬ್ಲೀಚು, ಟಿಶ್ಯೂ ಇಂಥವನ್ನು ಅಂಗಡಿಯ ಹೆಸರಿನಲ್ಲೇ ತಂದರೆ ಏನೂ ನಷ್ಟವಿಲ್ಲ. ಕಸದ ಚೀಲ ಮಾತ್ರ ಮೊದಲು ಒಂದು ಸಣ್ಣ ಕಟ್ಟು ತಂದು ನೋಡಿ. ಅದರ ತಳ ಕಿತ್ತುಹೋದ ದಿನ ಉಳಿಸಿದ ಕಾಸು ನೆನಪಿಗೆ ಬರುವುದಿಲ್ಲ.

ಹಾಡೂ ಸುಮ್ನೆ ಹಾಕಿರುವುದಲ್ಲ. 1982ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸೂಪರ್‌ಮಾರ್ಕೆಟ್ಟಿನಲ್ಲಿ ನಿಧಾನದ ಸಂಗೀತ ಹಾಕಿದಾಗ ಜನ ನಿಧಾನವಾಗಿ ನಡೆದರು, ವ್ಯಾಪಾರವೂ ವೇಗದ ಸಂಗೀತ ಇದ್ದ ದಿನಗಳಿಗಿಂತ ಸುಮಾರು ಶೇ 38ರಷ್ಟು ಜಾಸ್ತಿಯಾಯಿತು. ಸೊಸೆ ಈಗ ಕಿವಿಗೆ ತನ್ನದೇ ಹಾಡು ಹಾಕಿಕೊಂಡು ಹೋಗುತ್ತಾಳೆ. ನನಗೆ ಆ ಉಪಾಯ ಒಗ್ಗುವುದಿಲ್ಲ.

ಬೆಲೆಯಷ್ಟೇ ನೋಡಿ ಅಂಗಡಿ ಆರಿಸಿಕೊಂಡವರು ಒಂದಲ್ಲ ಒಂದು ದಿನ ಬಿಲ್ಲಿಂಗ್ ಕೌಂಟರಿನಲ್ಲಿ ಕೈ ಸುಟ್ಟುಕೊಳ್ಳುತ್ತಾರೆ. ನನಗಾದದ್ದು ಹೇಳುತ್ತೇನೆ. ಒಂದು ಅಂಗಡಿಯಲ್ಲಿ ಸೋಪಿನ ಪುಡಿಯ ಕೆಳಗೆ ಒಂದು ಬೆಲೆ, ಸ್ಕ್ಯಾನ್ ಮಾಡಿದರೆ ಇನ್ನೊಂದು. ರ್ಯಾಕಿನಲ್ಲಿ ಕಡಿಮೆ ಇತ್ತಪ್ಪ ಅಂದೆ. ಹುಡುಗ ಮೈಕಿನಲ್ಲಿ ಯಾರನ್ನೋ ಕರೆದ. ಅವನು ಬರಲಿಲ್ಲ. ಮತ್ತೆ ಕರೆದ. ಹಿಂದೆ ಇದ್ದವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ ನಿಟ್ಟುಸಿರು ಬಿಟ್ಟರು. ಹತ್ತು ನಿಮಿಷ ಆದಮೇಲೆ ಬಂದವನು ಚೀಟಿ ಹಳೆಯದು ಅಂದ, ತೆಗೆಯಲು ಮರೆತಿದ್ದಾರೆ ಅಂದ. ತಪ್ಪು ಅವರದು, ತಲೆ ತಗ್ಗಿಸಿ ನಿಂತವಳು ನಾನು. ಇನ್ನೊಂದು ಅಂಗಡಿಯಲ್ಲಿ ಇದೇ ರೀತಿ ಆದಾಗ ಕೌಂಟರಿನ ಹುಡುಗಿ "ಎಷ್ಟಿತ್ತು ಹೇಳಿ ಅಮ್ಮ" ಅಂತ ಕೇಳಿ, ನಾನು ಹೇಳಿದ ಬೆಲೆಯನ್ನೇ ಒತ್ತಿ ಮುಗಿಸಿದಳು. ಅಂದಿನಿಂದ ಅಲ್ಲಿ ಎರಡು ಕಾಸು ಜಾಸ್ತಿಯಾದರೂ ನನಗೆ ಬೇಸರವಿಲ್ಲ.

ಬಾರ್‌ಕೋಡ್ ಸ್ಕ್ಯಾನರ್ ಅಂಗಡಿಗೆ ಬಂದದ್ದು 1974ರಲ್ಲಿ. ಒಹಾಯೋ ರಾಜ್ಯದ ಒಂದು ಸೂಪರ್‌ಮಾರ್ಕೆಟ್ಟಿನಲ್ಲಿ ಮೊದಲು ಸ್ಕ್ಯಾನ್ ಆದದ್ದು ಚ್ಯೂಯಿಂಗ್ ಗಮ್ಮಿನ ಒಂದು ಪ್ಯಾಕು. ಅದಕ್ಕೆ ಮೊದಲು ಡಬ್ಬದ ಮೇಲೆಯೇ ಬೆಲೆ ಅಂಟಿಸಿರುತ್ತಿದ್ದರು. ಈಗ ಬೆಲೆ ಇರುವುದು ಕಂಪ್ಯೂಟರಿನೊಳಗೆ. ಚೀಟಿ ಬದಲಾಯಿಸುವುದು ಮಾತ್ರ ಮನುಷ್ಯನ ಕೈಯಲ್ಲಿ. ಅದಕ್ಕೇ ಎರಡೂ ಹೊಂದದಿರುವುದು. ಸೇಲಿನ ಸಾಮಾನು ಎತ್ತುವಾಗ ರ್ಯಾಕಿನ ಚೀಟಿಯ ಒಂದು ಫೋಟೊ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಿ. ಬಿಲ್ಲನ್ನು ಬಾಗಿಲು ದಾಟುವ ಮೊದಲೇ ಓದಿ. ಮನೆಗೆ ಬಂದಮೇಲೆ ಅಷ್ಟು ದೂರ ಯಾರು ಹೋಗುತ್ತಾರೆ?

ವಾಪಸ್ ತೆಗೆದುಕೊಳ್ಳುವ ಕೌಂಟರನ್ನೂ ಒಮ್ಮೆ ಪರೀಕ್ಷೆ ಮಾಡಿ, ದೊಡ್ಡ ಸಾಮಾನು ಕೊಳ್ಳುವ ಮೊದಲು. ನಾನು ಆ ಕೈಗವಸನ್ನೇ ತೆಗೆದುಕೊಂಡು ಹೋದೆ. ಬಿಲ್ ಇತ್ತು, ಚೀಟಿ ಕಿತ್ತಿರಲಿಲ್ಲ. ಎರಡು ನಿಮಿಷದಲ್ಲಿ ಹಣ ಕೊಟ್ಟರು, ಯಾಕೆ ಏನು ಅಂತ ಕೇಳಲಿಲ್ಲ. ಫ್ರಿಜ್ಜೋ ವಾಷಿಂಗ್ ಮಶೀನೋ ಕೊಳ್ಳುವ ದಿನ ಬಂದರೆ ಇಲ್ಲಿಗೇ ಬರುವುದು ಎಂದು ಅವತ್ತೇ ಅಂದುಕೊಂಡೆ. ಎಷ್ಟು ದಿನದೊಳಗೆ ವಾಪಸ್ ಕೊಡಬೇಕು, ಡಬ್ಬ ಬಿಚ್ಚಿದ್ದರೆ ಆಗುತ್ತದಾ, ಹಣ ಕೊಡುತ್ತಾರಾ ಅಥವಾ ಅಂಗಡಿಯ ಕೂಪನ್ ಕೊಟ್ಟು ಕಳಿಸುತ್ತಾರಾ, ಈ ಮೂರನ್ನು ಮೊದಲೇ ಕೇಳಿಕೊಳ್ಳಿ.

ನನ್ನ ವಯಸ್ಸಿನವರಿಗೆ ಒಂದು ಮಾತು. ಕೂರಲು ಒಂದು ಬೆಂಚು ಇದೆಯಾ, ಶೌಚಾಲಯ ಬಾಗಿಲ ಹತ್ತಿರ ಇದೆಯಾ ಅಥವಾ ಅಂಗಡಿಯ ಕೊನೆಯಲ್ಲಾ, ಇದನ್ನೂ ಹೋಲಿಕೆಯಲ್ಲಿ ಸೇರಿಸಿ. ಮಂಡಿ ನೋವಿನವರಿಗೆ ಅಂಗಡಿ ಎಷ್ಟು ದೊಡ್ಡದೋ ಅಷ್ಟೇ ಕಷ್ಟ. ವಾರದ ಮಧ್ಯೆ ಬೆಳಿಗ್ಗೆ ಬಾಗಿಲು ತೆಗೆದ ಹೊತ್ತಿಗೆ ಹೋದರೆ ಸಾಲು ಇರುವುದಿಲ್ಲ, ಕೆಲಸದವರಿಗೂ ಮಾತಾಡುವಷ್ಟು ಸಮಾಧಾನ ಇರುತ್ತದೆ.

ನಮ್ಮ ಮನೆಯ ವಾದ ಏನಾಯಿತು ಅಂತ ಕೇಳಬಹುದು. ಮಗುವಿನ ಬಟ್ಟೆ, ಚಪ್ಪಲಿ, ಶಾಲೆಯ ಸಾಮಾನು ಅವಳ ಅಂಗಡಿಯಿಂದ ಬರುತ್ತವೆ. ಅಲ್ಲಿ ಆಯ್ಕೆ ಜಾಸ್ತಿ, ಹೊಲಿಗೆಯೂ ಗಟ್ಟಿ. ಸೋಪು, ಪುಡಿ, ಬಲ್ಬು, ಟಿಶ್ಯೂ ನನ್ನ ಅಂಗಡಿಯಿಂದ. ಅವಳ ಪಟ್ಟಿಯ ಕೆಳಗೆ "1 ಕೆಜಿ ಪುಡಿ, ನಿಮ್ಮ ಕಡೆಯಿಂದ" ಅಂತ ಪ್ರತಿ ತಿಂಗಳೂ ಬರೆದಿರುತ್ತಾಳೆ. ನಿಮ್ಮದೇ ಅಗ್ಗ ಅಂತ ಮಾತ್ರ ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ.