53ಕ್ಕೆ ವೆಲ್ಡಿಂಗ್ ಕಲಿತ ಟೈಲರ್ ಹೇಳುವುದು

ತಿಪಟೂರಿನಲ್ಲಿ ನನ್ನದೊಂದು ಚಿಕ್ಕ ಟೈಲರಿಂಗ್ ಅಂಗಡಿ. ಬ್ಲೌಸು, ಚೂಡಿದಾರ, ಸೀರೆಗೆ ಫಾಲ್, ಇಷ್ಟೇ ಕೆಲಸ. ಪಕ್ಕದಲ್ಲಿ ಗೇಟು, ಗ್ರಿಲ್ ಮಾಡುವ ಅಂಗಡಿ. ಆ ಕಿಡಿ, ಆ ಗದ್ದಲ ಬೈಕೊಂಡೇ ಹದಿನೈದು ವರ್ಷ ಕಳೆದೆ. ಒಂದು ದಿನ ನನ್ನ ಇಸ್ತ್ರಿ ಟೇಬಲ್ಲಿನ ಕಬ್ಬಿಣದ ಕಾಲು ಕಿತ್ತು ಬಂತು. ಅಲ್ಲಿನ ಹುಡುಗ ಎರಡೇ ನಿಮಿಷದಲ್ಲಿ ಅಂಟಿಸಿಕೊಟ್ಟ. ‘ಇಷ್ಟೇನಾ?’ ಅಂದೆ. ‘ಇಷ್ಟೇ ಅಕ್ಕಾ, ಬನ್ನಿ, ನೀವೇ ಮಾಡಿ’ ಅಂತ ನಕ್ಕ. ಅವನು ತಮಾಷೆಗೆ ಅಂದಿದ್ದು. ನಾನು ಮಾರನೇ ದಿನ ಹೋಗಿ ನಿಂತೆ. ಆಗ ನನಗೆ 53.

ಐಟಿಐನಲ್ಲಿ ವೆಲ್ಡರ್ ಟ್ರೇಡ್ ಒಂದು ವರ್ಷದ ಕೋರ್ಸು. ಕೆಲಸಕ್ಕೆ ಸೇರಬೇಕು ಅನ್ನುವವರಿಗೆ ಅದೇ ಸರಿ. ಮನೆಗೊಂದು ಸ್ಟ್ಯಾಂಡು, ತುಳಸಿ ಕುಂಡಕ್ಕೊಂದು ಸ್ಟೂಲು ಮಾಡಿಕೊಳ್ಳುವ ಆಸೆ ಇದ್ದರೆ ಅಷ್ಟೆಲ್ಲ ಬೇಡ. ಗೊತ್ತಿರುವವರೊಬ್ಬರು ಪಕ್ಕದಲ್ಲಿ ನಿಂತು ಹೇಳಿಕೊಟ್ಟರೆ, ದಿನಾ ಅರ್ಧ ಗಂಟೆ ಗುಜರಿ ಕಬ್ಬಿಣದ ಮೇಲೆ ಕೂತರೆ ಸಾಕು.

ಈ ವಯಸ್ಸಲ್ಲಿ ಕೈ ನಡುಗುತ್ತೆ ಅಂತ ಎಲ್ಲರೂ ಹೆದರುತ್ತಾರೆ. ನನಗೆ ಕೈ ಕೈಕೊಡಲಿಲ್ಲ. ತೊಂದರೆ ಕೊಟ್ಟಿದ್ದು ಕಣ್ಣು. ನನ್ನದು ಎರಡು ಪವರ್ ಇರುವ ಕನ್ನಡಕ. ಓದುವ ಭಾಗ ಕೆಳಗಿರುತ್ತೆ ಅಲ್ವಾ? ವೆಲ್ಡಿಂಗ್ ಹೆಲ್ಮೆಟ್ಟಿನ ಕಿಟಕಿಯೋ ಕಣ್ಣಿನ ನೇರಕ್ಕೆ. ಹಾಗಾಗಿ ಗಲ್ಲ ಎತ್ತಿಕೊಂಡು, ಮೂಗಿನ ತುದಿಯಿಂದ ನೋಡುವ ಹಾಗೆ ನೋಡಬೇಕು. ಒಂದು ವಾರ ಬರೀ ಬೆಳಕು ಕಂಡಿತು, ಕುತ್ತಿಗೆ ಹಿಡಿದುಕೊಂಡಿತು, ಜಾಯಿಂಟ್ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ಕೊನೆಗೆ ಅಳತೆ ಟೇಪು ಹಿಡಿದು ಕಣ್ಣಿನಿಂದ ಕೆಲಸದ ಜಾಗಕ್ಕೆ ಎಷ್ಟು ದೂರ ಅಂತ ನೋಡಿದೆ. 14 ಇಂಚು ಬಂತು. ಕನ್ನಡಕದ ಅಂಗಡಿಗೆ ಹೋಗಿ, ಇಷ್ಟು ದೂರ ಚೆನ್ನಾಗಿ ಕಾಣುವ ಒಂದೇ ಪವರಿನ ಕನ್ನಡಕ ಮಾಡಿಸಿಕೊಂಡೆ. ಅದನ್ನು ಹಾಕಿ ಅದರ ಮೇಲೆ ಹೆಲ್ಮೆಟ್ ಇಳಿಸಿದ ದಿನ ಮೊದಲ ಸಲ ಕಬ್ಬಿಣ ಕರಗುವುದನ್ನು ಕಂಡೆ. ನಲವತ್ತು ದಾಟಿದವರು ಮೆಷಿನ್ನಿಗಿಂತ ಮೊದಲು ಕನ್ನಡಕಕ್ಕೆ ದುಡ್ಡು ಎತ್ತಿಡಿ. ಹೆಲ್ಮೆಟ್ ಒಳಗೆ ಸಿಕ್ಕಿಸುವ ಭೂತಗನ್ನಡಿ ಕೂಡ ಬರುತ್ತೆ.

ಹೆಲ್ಮೆಟ್ಟು ತಾನೇ ಕಪ್ಪಾಗುವಂಥದ್ದು ತೆಗೆದುಕೊಳ್ಳಿ. ಮಾಮೂಲಿ ಕಪ್ಪು ಗಾಜಿನಲ್ಲಿ ರಾಡ್ (ಕರಗಿ ಜಾಯಿಂಟ್ ತುಂಬುವ ಕಡ್ಡಿ) ಎಲ್ಲಿಟ್ಟಿದ್ದೇವೆ ಅನ್ನುವುದು ಶುರು ಮಾಡುವ ಮುಂಚೆ ಕಾಣುವುದೇ ಇಲ್ಲ. ಶೇಡ್, ಅಂದರೆ ಗಾಜು ಎಷ್ಟು ಕಪ್ಪಾಗಬೇಕು ಅನ್ನುವ ನಂಬರು, 10ಕ್ಕೆ ಇಟ್ಟುಕೊಳ್ಳಿ. ಬಿಸಿಲಿಗೆ ಹಾಕುವ ಕೂಲಿಂಗ್ ಗ್ಲಾಸ್ ಇದಕ್ಕೆ ನಡೆಯಲ್ಲ.

ಕಣ್ಣಿನ ವಿಷಯದಲ್ಲಿ ನನ್ನದೊಂದು ದಡ್ಡತನ ಹೇಳಿಬಿಡುತ್ತೇನೆ. ಒಂದು ಸಂಜೆ ಹುಡುಗ ಟ್ಯಾಕ್, ಅಂದರೆ ತುಂಡುಗಳನ್ನು ಹಿಡಿದಿಡುವ ವೆಲ್ಡಿಂಗ್ ಚುಕ್ಕೆ, ಹಾಕುತ್ತಿದ್ದ. ನಾನು ಪೈಪ್ ಹಿಡಿದುಕೊಂಡಿದ್ದೆ, ಸುಮ್ನೆ, ಹೆಲ್ಮೆಟ್ ಇಲ್ಲದೆ. ನಾಲ್ಕೈದು ಚುಕ್ಕೆ ತಾನೆ, ಮುಖ ಆಚೆ ತಿರುಗಿಸಿದರಾಯಿತು ಅಂದುಕೊಂಡೆ. ಆಗ ಏನೂ ಆಗಲಿಲ್ಲ. ರಾತ್ರಿ ಒಂದು ಗಂಟೆಗೆ ಎಚ್ಚರವಾಯಿತು. ಎರಡೂ ಕಣ್ಣಿಗೆ ಮರಳು ಸುರಿದ ಹಾಗೆ. ನೀರು ಸುರಿಯುತ್ತಿದೆ, ರೆಪ್ಪೆ ಬಿಡಲಾಗುತ್ತಿಲ್ಲ. ಆಲೂಗಡ್ಡೆ ಹೋಳು ಇಡಿ, ಹಾಲು ಬಿಡಿ ಅಂತ ಹೇಳುವವರಿಗೇನೂ ಕಮ್ಮಿಯಿಲ್ಲ. ಕಣ್ಣಿಗೆ ಏನೂ ಬಿಡಬೇಡಿ, ಡಾಕ್ಟರ ಹತ್ತಿರ ಹೋಗಿ. ನನಗೆ ಎರಡು ದಿನಕ್ಕೆ ವಾಸಿಯಾಯಿತು. ಇದರ ಮೋಸ ಇರುವುದೇ ಇಲ್ಲಿ: ಉರಿ ಶುರುವಾಗುವುದು ಎಷ್ಟೋ ಗಂಟೆ ಆದ ಮೇಲೆ.

ಇನ್ನು ಬಟ್ಟೆ. ಸೀರೆ ಬೇಡವೇ ಬೇಡ, ದುಪಟ್ಟಾನೂ ಬೇಡ. ಪಾಲಿಯೆಸ್ಟರ್ ಬಟ್ಟೆಗೆ ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೇ ಅಂಟಿಕೊಳ್ಳುತ್ತೆ. ಬಟ್ಟೆ ಗೊತ್ತಿರುವವಳಾಗಿ ಹೇಳುತ್ತೇನೆ, ಅಂಚಿನಿಂದ ಎರಡು ಎಳೆ ಕಿತ್ತು ಸುಟ್ಟು ನೋಡಿ. ಬೂದಿಯಾದರೆ ಹತ್ತಿ, ಗಟ್ಟಿ ಉಂಡೆಯಾದರೆ ಪಾಲಿಯೆಸ್ಟರ್. ನಾನು ಮಗನ ಹಳೇ ಹತ್ತಿ ಶರ್ಟು, ಜೀನ್ಸ್ ಹಾಕುತ್ತೇನೆ. ಪ್ಯಾಂಟಿನ ತುದಿ ಮಡಚಬೇಡಿ, ಕಿಡಿ ಹೋಗಿ ಅಲ್ಲೇ ಕೂರುತ್ತೆ. ಚರ್ಮದ ಗ್ಲೌಸು, ಮುಚ್ಚಿದ ಶೂ ಬೇಕು. ಬಳೆ, ಉಂಗುರ, ಸರ ಎಲ್ಲ ತೆಗೆದಿಡಿ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ, ಒದ್ದೆ ಗ್ಲೌಸಿನಲ್ಲಿ ಕೆಲಸ ಬೇಡ. ಪೇಸ್‌ಮೇಕರ್ ಇರುವವರು ಡಾಕ್ಟರನ್ನು ಕೇಳದೆ ಮೆಷಿನ್ ಹತ್ತಿರವೂ ಹೋಗಬೇಡಿ.

ಮನೆಗೆ ಚಿಕ್ಕ ಇನ್ವರ್ಟರ್ ಆರ್ಕ್ ವೆಲ್ಡಿಂಗ್ ಮೆಷಿನ್ ಸಾಕು (ಕರೆಂಟು ಹೋದಾಗ ಬಳಸುವ ಇನ್ವರ್ಟರ್ ಅಲ್ಲ), ನಾಲ್ಕೈದು ಕೆಜಿ ತೂಗುತ್ತೆ. 16 ಆಂಪ್ಸ್ ಪ್ಲಗ್ಗಿಗೆ ಹಾಕಿ, ಟಿವಿಗೆ ಹಾಕುವ ತೆಳ್ಳನೆ ಎಕ್ಸ್‌ಟೆನ್ಶನ್ ವೈರಿಗಲ್ಲ. ರಾಡ್ ಕೇಳುವಾಗ 6013, ಎರಡೂವರೆ ಎಂಎಂ ಅನ್ನಿ. ರಾಡನ್ನು ನಾನು ಮುಚ್ಚಳ ಬಿಗಿಯಾದ ಹಪ್ಪಳದ ಡಬ್ಬಿಯಲ್ಲಿ ಇಡುತ್ತೇನೆ. ಥಂಡಿ ಹಿಡಿದ ರಾಡ್ ಸಿಡಿಯುತ್ತೆ.

ಕಲಿಯಲು 5-6 ಎಂಎಂ ದಪ್ಪದ ಪಟ್ಟಿ ಗುಜರಿಯಿಂದ ತನ್ನಿ. ಕಡ್ಡಾಯವಾಗಿ ದಪ್ಪನೆಯದೇ. ತೆಳು ಪೈಪ್ ತಂದರೆ ಮೊದಲ ದಿನವೇ ತೂತು ಬಿದ್ದು ಮನಸ್ಸು ಮುರಿಯುತ್ತೆ. ಬೆಳ್ಳಗೆ ಹೊಳೆಯುವ ಜಿಐ ಪೈಪ್, ಶೀಟು ಬೇಡ. ಅದರ ಮೇಲಿನ ಸತುವಿನ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬಂದ ಹಾಗಾಗುತ್ತೆ. ಮಾಮೂಲಿ ಕಬ್ಬಿಣವಾದರೂ ಬಯಲಲ್ಲೇ ಕೂತು ಮಾಡಿ, ಹೊಗೆ ಮುಖಕ್ಕೆ ಬರದ ಕಡೆ.

ಮೆಷಿನ್ನಿನ ಇನ್ನೊಂದು ವೈರನ್ನು ಕಬ್ಬಿಣಕ್ಕೆ ಕಚ್ಚಿಸುವ ಅರ್ತ್ ಕ್ಲ್ಯಾಂಪ್ ಹಾಕುವ ಜಾಗದಲ್ಲಿ ತುಕ್ಕು, ಬಣ್ಣ ಉಜ್ಜಿ ತೆಗೆಯಿರಿ. ಮೆಷಿನ್ 80 ಆಂಪ್ಸಿಗೆ ಇಡಿ. ನಿಂತು ಮಾಡಬೇಡಿ, ಸ್ಟೂಲ್ ಮೇಲೆ ಕೂತು ಮೊಣಕೈಯನ್ನು ಟೇಬಲ್ಲಿಗೆ ಊರಿ, ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಳ್ಳಿ. ರಾಡ್ ಒಂದು ಅಡಿಗಿಂತ ಉದ್ದ, ಮೇಲೆ ಕೈ ಒಂಚೂರು ಅಲ್ಲಾಡಿದರೂ ತುದಿಯಲ್ಲಿ ಜಾಸ್ತಿ ಅಲ್ಲಾಡುತ್ತೆ. ರಾಡಿನ ತುದಿಯನ್ನು ಕಬ್ಬಿಣದ ಮೇಲೆ ಬೆಂಕಿಕಡ್ಡಿ ಗೀರುವ ಹಾಗೆ ಗೀರಿ. ಅಂಟಿಕೊಳ್ಳುತ್ತೆ. ಎಲ್ಲರಿಗೂ ಅಂಟಿಕೊಳ್ಳುತ್ತೆ. ಪಕ್ಕಕ್ಕೆ ಒಮ್ಮೆ ತಿರುಚಿ, ಬಿಡದಿದ್ದರೆ ಹೋಲ್ಡರ್ ಒತ್ತಿ ರಾಡ್ ಬಿಟ್ಟುಬಿಡಿ. ನಾನು ಮೊದಲ ದಿನ ಹನ್ನೊಂದು ಸಲ ಅಂಟಿಸಿದೆ. ಪಕ್ಕದ ಟೀ ಅಂಗಡಿಯವರು ಎಣಿಸಿದ್ದು.

ಉರಿ ಹತ್ತಿದ ಮೇಲೆ ರಾಡಿನ ತುದಿಗೂ ಕಬ್ಬಿಣಕ್ಕೂ ಎರಡೂವರೆ ಎಂಎಂ ಸಂದು ಇರಬೇಕು, ಅಂದರೆ ರಾಡಿನಷ್ಟೇ ದಪ್ಪ. ರಾಡ್ ಕರಗಿ ಗಿಡ್ಡವಾಗುತ್ತಾ ಹೋಗುತ್ತೆ, ಕೈಯೂ ಅದರ ಜೊತೆ ಇಳಿಯುತ್ತಾ ಇರಬೇಕು. ಇದು ಕೈಗೆ ಹತ್ತಲು ನನಗೆ ಎರಡು ವಾರ ಹಿಡಿಯಿತು. ಬಾಣಲೆಯಲ್ಲಿ ಬಜ್ಜಿ ಬೇಯುವಂಥ ಒಂದೇ ಸಮನೆ ಸದ್ದು ಬಂದರೆ ಸರಿ ಇದೆ. ಸಾಸಿವೆ ಸಿಡಿದ ಹಾಗೆ ಚಟಪಟ ಅಂದರೆ ಸಂದು ಜಾಸ್ತಿಯಾಗಿದೆ, ಕೈ ಇಳಿಸಿ.

ಬೆಳಕನ್ನು ನೋಡಬೇಡಿ. ಅದರ ಹಿಂದೆಯೇ ಬೆಲ್ಲದ ಪಾಕದ ಹಾಗೆ ಮಿನುಗುವ ಒಂದು ಪುಟ್ಟ ಹೊಂಡ ಇರುತ್ತೆ. ನಾನು ಅದಕ್ಕೆ ಪಾಕ ಅಂತಲೇ ಹೇಳುವುದು. ಪಾಕ ಎರಡೂ ತುಂಡಿನ ಅಂಚಿಗೆ ಹರಡಿತಾ ನೋಡಿ, ಆಮೇಲೆ ಮುಂದೆ ಹೋಗಿ. ರಾಡನ್ನು ಹೋಗುವ ದಿಕ್ಕಿಗೆ ಸ್ವಲ್ಪ ವಾಲಿಸಿ, ನಿಧಾನ ಎಳೆದುಕೊಂಡು ಹೋಗಬೇಕು. ತಳ್ಳಿದರೆ ಸ್ಲ್ಯಾಗ್, ಅಂದರೆ ರಾಡಿನ ಮೇಲಿನ ಲೇಪ ಕರಗಿ ಬರುವ ಕಿಟ್ಟ, ಪಾಕದ ಒಳಗೇ ಸೇರಿಕೊಳ್ಳುತ್ತೆ. ಓಡಿದರೆ ಸಣ್ಣ ದಾರದಂಥ ಗೆರೆ, ನಿಂತರೆ ಗುಡ್ಡೆ. ಹೊಲಿಗೆ ಮೆಷಿನ್ನಿನ ಪೆಡಲ್ ಒಂದೇ ಸಮ ತುಳಿದು ರೂಢಿ ಇದ್ದದ್ದು ಇಲ್ಲಿ ನನಗೆ ಕೆಲಸಕ್ಕೆ ಬಂತು.

ಟ್ಯಾಕ್ ಅಂದರೆ ನಮ್ಮ ಕಚ್ಚಾ ಹೊಲಿಗೆ. ಮೊದಲು ಮೂಲೆಗಳಿಗೆಲ್ಲ ಚುಕ್ಕೆ ಹಾಕಿ, ಮೂಲೆಮಟ್ಟ ಇಟ್ಟು ನೋಡಿ, ಆಮೇಲೆ ಪೂರ್ತಿ ಹಾಕಿ. ವೆಲ್ಡ್ ಆರುವಾಗ ಕುಗ್ಗುತ್ತೆ, ಕುಗ್ಗಿ ತನ್ನ ಕಡೆಗೆ ಎಳೆಯುತ್ತೆ. ನೂಲು ಬಿಗಿಯಾದರೆ ಬಟ್ಟೆ ಸುಕ್ಕಾಗಲ್ವಾ, ಹಾಗೇ. ಅದಕ್ಕೆ ಒಂದೇ ಕಡೆ ಉದ್ದಕ್ಕೆ ಹಾಕದೆ ಎದುರುಬದುರು ಮೂಲೆಗೆ ಸ್ವಲ್ಪ ಸ್ವಲ್ಪ ಹಾಕಬೇಕು. ಒಂದಿಂಚಿನ ತೆಳು ಸ್ಕ್ವೇರ್ ಪೈಪಿಗೆ ಬಂದಾಗ ಆಂಪ್ಸ್ 60ರ ಹತ್ತಿರ ಇಳಿಸಿ, ಚಿಕ್ಕ ಚಿಕ್ಕ ಚುಕ್ಕೆ ಹಾಕುತ್ತಾ ನಡುವೆ ಆರಲು ಬಿಡಿ.

ಕಬ್ಬಿಣ ಕತ್ತರಿಸುವ, ಉಜ್ಜುವ ಗ್ರೈಂಡರಿಗೆ ನಾನು ಈಗಲೂ ಹೆದರುತ್ತೇನೆ. ಚಕ್ರದ ಮೇಲಿನ ಗಾರ್ಡ್ ತೆಗೆದ ಗ್ರೈಂಡರ್ ಯಾರು ಕೊಟ್ಟರೂ ಮುಟ್ಟಲ್ಲ.

ಎಲ್ಲ ಆರಿದ ಮೇಲೆ ಸುತ್ತಿಗೆಯಿಂದ ಸ್ಲ್ಯಾಗ್ ಕುಟ್ಟಿ, ವೈರ್ ಬ್ರಶ್ಶಿನಿಂದ ಉಜ್ಜಿ, ಆಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್, ಆಮೇಲೆ ಬಣ್ಣ. ಸ್ಲ್ಯಾಗ್ ಕುಟ್ಟುವಾಗಲೂ ಕಣ್ಣಿಗೆ ಗಾಗಲ್ಸ್ ಇರಲಿ, ಚೂರು ಹಾರುತ್ತೆ. ನನ್ನ ಮೊದಲ ದಾರದ ಸ್ಟ್ಯಾಂಡಿಗೆ ಆತುರದಲ್ಲಿ ಸ್ಲ್ಯಾಗ್ ಮೇಲೆಯೇ ಬಣ್ಣ ಹೊಡೆದಿದ್ದೆ. ಮೂರೇ ತಿಂಗಳಿಗೆ ಒಂದು ಕಾಲಿನ ಜಾಯಿಂಟಲ್ಲಿ ಬಣ್ಣ ಹಕ್ಕಳೆಯಾಗಿ ಎದ್ದು ತುಕ್ಕಿನ ಗೆರೆ ಬಂತು. ಆ ಕಾಲನ್ನು ಗೋಡೆ ಕಡೆ ತಿರುಗಿಸಿ ಇಟ್ಟಿದ್ದೇನೆ.