ಬೆಳಗಾವಿಯಿಂದ ಮೊರ್ಜಿಮ್‌ಗೆ: ಮಧ್ಯಾಹ್ನದ ಗಾಳಿಗಾಗಿ ಕೈಟ್ ಕಟ್ಟಿಕೊಂಡು

ಫೆಬ್ರುವರಿ ಕೊನೆಯಿಂದ ಮೇ ಮೊದಲ ವಾರದವರೆಗೆ ಗೋವಾದ ಉತ್ತರ ಕರಾವಳಿಯ ಗಾಳಿ ಗಡಿಯಾರ ನೋಡಿಕೊಂಡು ಬೀಸುತ್ತದೆ. ಬೆಳಿಗ್ಗೆ ನೆಲದ ಕಡೆಯಿಂದ ಸಮುದ್ರಕ್ಕೆ ಮೆಲ್ಲಗೆ ಹರಿಯುತ್ತದೆ. ಹನ್ನೊಂದರ ಸುಮಾರಿಗೆ ಎಲೆ ಅಲುಗದಂತೆ ನಿಲ್ಲುತ್ತದೆ. ಹನ್ನೆರಡೂವರೆ, ಒಂದರ ಹೊತ್ತಿಗೆ ವಾಯವ್ಯದಿಂದ ಮತ್ತೆ ಶುರುವಾಗಿ ಎರಡೂವರೆಯಿಂದ ಐದರವರೆಗೆ ಗಟ್ಟಿಯಾಗಿರುತ್ತದೆ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಮೇಲೇರಿದ ಜಾಗಕ್ಕೆ ಸಮುದ್ರದ ತಂಪುಗಾಳಿ ನುಗ್ಗುತ್ತದೆ. ನಾವು ಕೈಟ್‌ಸರ್ಫಿಂಗ್, ಅಂದರೆ ದಾರ ಕಟ್ಟಿದ ದೊಡ್ಡ ಪಟದ (ಕೈಟ್) ಎಳೆತದಲ್ಲಿ ಹಲಗೆಯ ಮೇಲೆ ನಿಂತು ನೀರಿನ ಮೇಲೆ ಜಾರುವ ಆಟ, ಆಡುವುದು ಈ ಗಾಳಿಯಲ್ಲೇ. ಬೆಳಗಾವಿಯವರಿಗೆ ಇದೊಂದು ಅನುಕೂಲ: ಬೆಳಿಗ್ಗೆ ಏಳಕ್ಕೆ ಊರು ಬಿಟ್ಟರೂ ಗಾಳಿಗಿಂತ ಮೊದಲೇ ದಂಡೆಯಲ್ಲಿರಬಹುದು.

ನಾನು ಹೋಗುವ ದಾರಿ ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ, ಚೋರ್ಲಾ ಘಾಟ್, ಸಾಖಳಿ, ಮಾಪುಸಾ, ಶಿವೋಲಿ. ಅಲ್ಲಿ ಶಾಪೋರಾ ನದಿಯ ಸೇತುವೆ ದಾಟಿ ಎಡಕ್ಕೆ ತಿರುಗಿದರೆ ಮೊರ್ಜಿಮ್. ಘಾಟಿನ ರಸ್ತೆ ಹದವಾಗಿದ್ದರೆ ನಾಲ್ಕು ತಾಸು ಸಾಕು. ಬಾಗಲಕೋಟೆ, ವಿಜಯಪುರದಿಂದ ಬರುವವರು ಹಿಂದಿನ ರಾತ್ರಿ ಬೆಳಗಾವಿಯಲ್ಲಿ ಉಳಿಯುವುದೇ ವಾಸಿ. ರಾತ್ರಿಯೆಲ್ಲ ಗಾಡಿ ಓಡಿಸಿ, ನಿದ್ದೆಗಣ್ಣಲ್ಲಿ 20 ಮೀಟರ್ ದಾರ ಬಿಡಿಸಲು ಕೂರಬಾರದು. ಡಿಕ್ಕಿಯಲ್ಲಿ 20 ಲೀಟರ್ ಸಿಹಿನೀರಿನ ಕ್ಯಾನ್ ಇಟ್ಟಿರುತ್ತೇನೆ, ಅದರ ಉಪಯೋಗ ಮುಂದೆ ಹೇಳುತ್ತೇನೆ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ. ಹನ್ನೊಂದೂವರೆಗೆ ಹಗುರಾಗಿ ತಿಂದು ಮುಗಿಸುತ್ತೇನೆ. ಕೈಟಿನ ಎಳೆತ ಹೊರುವ ಪಟ್ಟಿ, ಹಾರ್ನೆಸ್, ಸೊಂಟಕ್ಕೆ ಬಿಗಿದ ಮೇಲೆ ತುಂಬಿದ ಹೊಟ್ಟೆ ಕಷ್ಟ.

ಹೊರಡುವ ಮುನ್ನಾ ದಿನ ಗಾಳಿಯ ಮುನ್ಸೂಚನೆ ಕೊಡುವ ವಿಂಡಿ, ವಿಂಡ್‌ಗುರು ಎರಡನ್ನೂ ನೋಡುತ್ತೇನೆ. ಮೊದಲು ನೋಡುವುದು ಅಳತೆ ನಾಟ್‌ನಲ್ಲಿದೆಯೋ ಕಿಲೋಮೀಟರಿನಲ್ಲೋ ಎಂದು. 1 ನಾಟ್ ಅಂದರೆ ಗಂಟೆಗೆ 1.85 ಕಿ.ಮೀ. 14 ಎಂದು ಓದಿಕೊಂಡು ಹೋಗಿ, ಅದು ಕಿಲೋಮೀಟರ್ ಆಗಿದ್ದರೆ, ಕೈಟ್ ಮೇಲೇಳುವುದೇ ಇಲ್ಲ. ಮುನ್ಸೂಚನೆಯ ದೊಡ್ಡ ಜಾಗತಿಕ ಮಾದರಿಗಳು ಈ ಸಮುದ್ರಗಾಳಿಯನ್ನು ಎಷ್ಟೋ ಸಲ ಕಡಿಮೆ ತೋರಿಸುತ್ತವೆ. 9 ನಾಟ್ ಎಂದಿದ್ದ ದಿನ ದಂಡೆಯಲ್ಲಿ 13 ಸಿಗುವುದುಂಟು. ಆದ್ದರಿಂದ ಸಂಖ್ಯೆಗಿಂತ ಆಕಾಶವನ್ನು ಹೆಚ್ಚು ನಂಬುತ್ತೇನೆ. ಬೆಳಿಗ್ಗೆಯಿಂದಲೇ ನೆಲದ ಮೇಲೆ ಮೋಡ ಮುಚ್ಚಿದ್ದರೆ ನೆಲ ಕಾಯುವುದಿಲ್ಲ, ಗಾಳಿಯೂ ಏಳುವುದಿಲ್ಲ.

ಯಾವ ಅಳತೆಯ ಕೈಟ್ ಎಂಬುದಕ್ಕೆ ಒಂದು ಒರಟು ಲೆಕ್ಕವಿದೆ. ನಿಮ್ಮ ತೂಕವನ್ನು 2.2ರಿಂದ ಗುಣಿಸಿ, ಗಾಳಿಯ ನಾಟ್‌ನಿಂದ ಭಾಗಿಸಿ. 75 ಕೆ.ಜಿ. ಮನುಷ್ಯನಿಗೆ 14 ನಾಟ್‌ನಲ್ಲಿ ಸುಮಾರು 12 ಚದರ ಮೀಟರ್ ಬರುತ್ತದೆ. ಗೋವಾದ ಗಾಳಿ ಹಗುರ. 12ರದ್ದೊಂದು, 15ರ ಆಸುಪಾಸಿನದೊಂದು ಕೈಟ್, ಜೊತೆಗೆ 140 ಸೆಂ.ಮೀ.ಗಿಂತ ಉದ್ದದ ಹಲಗೆ ಇದ್ದರೆ ಸೀಸನ್ ಪೂರ್ತಿ ನಡೆಯುತ್ತದೆ. ಆದರೆ ಗಾಳಿ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. 10 ನಾಟ್‌ಗೆ ಕಟ್ಟಿದ ದೊಡ್ಡ ಕೈಟ್ 20 ನಾಟ್‌ಗೆ ಸಿಕ್ಕರೆ ಅದನ್ನು ಹಿಡಿದು ನಿಲ್ಲಿಸುವುದು ಆಗದ ಮಾತು.

ಮೊರ್ಜಿಮ್ ದಂಡೆಯಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತರೆ ಗಾಳಿ ಬಲಗಡೆ ಮುಂದಿನಿಂದ ಬರುತ್ತದೆ. ಏನಾದರೂ ತಪ್ಪಿದರೆ ದಂಡೆಗೇ ತಳ್ಳುವ ಗಾಳಿ ಇದು, ಕಲಿಯುವವರಿಗೆ ಒಳ್ಳೆಯದು. ಬೆಳಗಿನ ನೆಲಗಾಳಿ ಹಾಗಲ್ಲ, ಒಳಸಮುದ್ರಕ್ಕೆ ಒಯ್ಯುತ್ತದೆ. ಎಷ್ಟೇ ಹದವಾಗಿ ಕಂಡರೂ ಆಗ ಇಳಿಯುವುದಿಲ್ಲ. ದಕ್ಷಿಣದ ತುದಿಯಲ್ಲಿ ಶಾಪೋರಾ ಸಮುದ್ರ ಸೇರುತ್ತದೆ. ಸಮುದ್ರದ ಇಳಿತದ ಹೊತ್ತಿಗೆ ನದಿಯ ಸೆಳೆತ ಹೊರಕ್ಕೆ, ಗಾಳಿ ಒಳಕ್ಕೆ. ಎರಡೂ ಎದುರುಬದುರಾಗಿ ಅಲೆಗಳು ಗೋಡೆಯಂತೆ ನೆಟ್ಟಗೆ ಏಳುತ್ತವೆ. ಗಾಳಿ ಮೆಲ್ಲಗೆ ದಕ್ಷಿಣಕ್ಕೇ ತೇಲಿಸುವುದರಿಂದ, ಮೇಲ್ಗಾಳಿಗೆ, ಅಂದರೆ ಗಾಳಿ ಬರುವ ದಿಕ್ಕಿಗೆ, ಏರಿ ಹೋಗಲು ಬಾರದವರು ನದೀಮುಖದಿಂದ ಸಾಕಷ್ಟು ಉತ್ತರಕ್ಕೆ ನಡೆದು ಅಲ್ಲಿಂದ ಶುರುಮಾಡಬೇಕು. ದಂಡೆಯಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುವ ಜಾಗಕ್ಕೆ ಬೇಲಿ ಹಾಕಿರುತ್ತಾರೆ. ಅದರ ಹತ್ತಿರ ಕೈಟ್ ಹಾಸುವುದೂ ಬೇಡ, ದಾರ ಎಳೆಯುವುದೂ ಬೇಡ.

ಇನ್ನು ಕಟ್ಟುವುದು. ಅವಘಡಗಳು ನೀರಿಗಿಂತ ದಂಡೆಯಲ್ಲೇ ಹೆಚ್ಚು, ಅದಕ್ಕೆ ಇಲ್ಲಿ ನಾನು ಅವಸರ ಮಾಡುವುದಿಲ್ಲ.

ಕೈಟಿನ ಮುಂಭಾಗದ ದಪ್ಪ ಕೊಳವೆಗೆ 6ರಿಂದ 8 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ತುಂಬುತ್ತೇನೆ. ಬೆರಳಿಂದ ಚಿಮ್ಮಿದರೆ ಬಿಗಿದ ತಮಟೆಯ ಹಾಗೆ ನಾದ ಬರಬೇಕು. ಕಡಿಮೆಯಾದರೆ ಗಾಳಿ ಹೊಡೆದಾಗ ಕೈಟ್ ನಡುವೆ ಮಡಚಿಕೊಳ್ಳುತ್ತದೆ, ತಿರುಗಿಸಿದರೂ ತಡವಾಗಿ ತಿರುಗುತ್ತದೆ. ಅಡ್ಡಕೊಳವೆಗಳ ಕ್ಲಿಪ್ ಹಾಕಿ, ಕೊಳವೆಯ ಮುಖ ಗಾಳಿಗೆ ಕೊಟ್ಟು ಕವುಚಿಟ್ಟು, ಬಟ್ಟೆಯ ಮೇಲೆ ಎರಡು ಬೊಗಸೆಯಲ್ಲ, ಹತ್ತು ಬೊಗಸೆ ಮರಳು ಹಾಕುತ್ತೇನೆ. ಬಿಸಿಲಲ್ಲಿ ಬಹಳ ಹೊತ್ತು ಹಾಗೇ ಬಿಟ್ಟರೆ ಒಳಗಿನ ಗಾಳಿ ಹಿಗ್ಗುತ್ತದೆ, ಅದಕ್ಕೆ ಗಾಳಿ ಬಂದ ಮೇಲೆಯೇ ತುಂಬುವುದು.

ದಾರ ನಾಲ್ಕು. ನಡುವಿನ ಎರಡು ಮುಂದಾರ, ಭಾರ ಹೊರುತ್ತವೆ; ಹೊರಗಿನ ಎರಡು ಹಿಂದಾರ, ತಿರುಗಿಸುತ್ತವೆ. ಕೈಯಲ್ಲಿ ಹಿಡಿಯುವ ಅಡ್ಡಕೋಲು, ಅಂದರೆ ಬಾರಿನಿಂದ ಕೈಟಿನವರೆಗೆ ನಾಲ್ಕನ್ನೂ ಬೆರಳ ಸಂದಿಯಲ್ಲಿ ಹಿಡಿದು ನಡೆದುಬಿಡುತ್ತೇನೆ. ಕಣ್ಣಿಗೆ ಕಾಣದ ಸಿಕ್ಕು ಬೆರಳಿಗೆ ಸಿಗುತ್ತದೆ. ನಮ್ಮ ಕಡೆ ಕಾಗದದ ಪಟಕ್ಕೆ ಸೂತ್ರ ಕಟ್ಟಿದವರಿಗೆ ಇದು ಗೊತ್ತು: ಸೂತ್ರ ಅರ್ಧ ಬೆರಳು ಹೆಚ್ಚುಕಡಿಮೆಯಾದರೂ ಪಟ ಒಂದೇ ಕಡೆ ಗಿರಕಿ ಹೊಡೆಯುತ್ತದೆ. ಇಲ್ಲಿಯೂ ಅದೇ. ಆದರೆ ಈ ಪಟ ಗಿರಕಿ ಹೊಡೆದರೆ ಮನುಷ್ಯನನ್ನೂ ಎಳೆದುಕೊಂಡು ಹೋಗುತ್ತದೆ.

ಮೊರ್ಜಿಮ್‌ನಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಸಮುದ್ರ ಬಲಗೈಗೆ ಬರುತ್ತದೆ. ಕೈಟ್ ಏಳಬೇಕಾದದ್ದು ಆ ಕಡೆಯಿಂದ. ಬಾರಿನ ಕೆಂಪು ತುದಿ ಎಡಗೈಯಲ್ಲಿರುತ್ತದೆ. ಬಲಕ್ಕೆ ಎಬ್ಬಿಸುವಾಗ ಆ ಕೆಂಪು ದಾರ, ಜೊತೆಗಾರ ಹಿಡಿದು ನಿಂತ ಕೈಟಿನ ಮೇಲಿನ ರೆಕ್ಕೆತುದಿಗೆ ಹೋಗಿರಬೇಕು. ಕೆಳಗಿನ ತುದಿಗೆ ಹೋಗಿದ್ದರೆ ದಾರ ಅದಲುಬದಲಾಗಿವೆ, ಕೈಟ್ ತಿರುಗುವುದು ನೀವು ಎಳೆದದ್ದರ ವಿರುದ್ಧಕ್ಕೆ. ಹೆಬ್ಬೆರಳು ಎತ್ತಿ ಸನ್ನೆ ಕೊಡುವ ಮುಂಚೆ ಈ ಒಂದು ದಾರವನ್ನು ಕಣ್ಣಲ್ಲೇ ಕೊನೆಯವರೆಗೆ ಹಿಂಬಾಲಿಸುತ್ತೇನೆ. ಆಮೇಲೆ ಬಾರನ್ನು ಹಾರ್ನೆಸ್‌ಗೆ ಸಿಕ್ಕಿಸುವ ಕುಣಿಕೆ, ಚಿಕನ್ ಲೂಪ್‌ನ ತುರ್ತುಬಿಡುಗಡೆಯನ್ನು ಒಮ್ಮೆ ಬಿಚ್ಚಿ, ಮತ್ತೆ ಕೂಡಿಸುತ್ತೇನೆ. ಮೊರ್ಜಿಮ್‌ನ ಸಣ್ಣ ಮರಳು ಅದರೊಳಗೆ ಹೊಕ್ಕು ಹಿಡಿದುಕೊಂಡುಬಿಡುತ್ತದೆ. ಕ್ಯಾನಿನ ಸಿಹಿನೀರಿಗೆ ಮೊದಲ ಕೆಲಸ ಇದೇ. ಬಟ್ಟೆ ಪಟಪಟ ಬಡಿಯುವುದು ನಿಲ್ಲುವವರೆಗೆ ಒಂದೆರಡು ಹೆಜ್ಜೆ ಸರಿದು, ಬಾರನ್ನು ದೂರ ತಳ್ಳಿಟ್ಟು, ಆಗ ಸನ್ನೆ.

ಹಗುರ ಗಾಳಿಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಎಳೆತ ಸಾಲದೆಂದು ಬಾರನ್ನು ಎದೆಗೆ ಎಳೆದುಕೊಳ್ಳುವುದು. ಹಿಂದಾರ ಬಿಗಿದು ಕೈಟ್ ಹಿಂದಕ್ಕೆ ಜಾರಿ ನೀರಿಗೆ ಬೀಳುತ್ತದೆ. ಬಾರನ್ನು ಬಿಡಬೇಕು, ಕೈಟ್ ಓಡಿ ವೇಗ ಪಡೆಯಬೇಕು, ಆಮೇಲೆ ಅರ್ಧ ಎಳೆಯಬೇಕು. ಎಳೆತ ಬರುವುದು ಕೈಟಿನ ಓಟದಿಂದ.

ಹತೋಟಿ ತಪ್ಪಿದರೆ ಕ್ರಮ ಹೀಗೆ. ಮೊದಲು ಬಾರು ಬಿಡಿ. ಆಗದಿದ್ದರೆ ತುರ್ತುಬಿಡುಗಡೆ ತಳ್ಳಿ, ಕೈಟ್ ಒಂದೇ ಮುಂದಾರಕ್ಕೆ ಜೋತು ಬಟ್ಟೆಯಂತೆ ಬೀಳುತ್ತದೆ. ದಾರವನ್ನು ಬಾರಿಗೆ ಸುತ್ತುತ್ತಾ ಕೈಟ್ ತಲುಪಿ, ಅದನ್ನೇ ಹಾಯಿಯಂತೆ ಹಿಡಿದು ದಂಡೆಗೆ ಬನ್ನಿ. ಬರಿಗೈಗೆ ದಾರ ಎಂದೂ ಸುತ್ತಿಕೊಳ್ಳಬೇಡಿ, ಬೆರಳು ತುಂಡಾಗುತ್ತದೆ. ಇದನ್ನು ತರಬೇತುದಾರರ ಎದುರು ಆಳನೀರಿನಲ್ಲಿ ಮಾಡಿ ಕಲಿಯದೆ ಒಂಟಿಯಾಗಿ ಇಳಿಯುವ ಮಾತೇ ಇಲ್ಲ. ಸಂಜೆ ಸೂರ್ಯ ಇಳಿಯುತ್ತಿದ್ದಂತೆ ಗಾಳಿ ಸಾಯುತ್ತದೆ, ಐದೂವರೆಗೆ ನಾನು ದಂಡೆಯಲ್ಲಿರುತ್ತೇನೆ.

ಊರಲ್ಲಿ ಅಭ್ಯಾಸಕ್ಕೆ 2–3 ಚದರ ಮೀಟರಿನ ಎರಡು ದಾರದ ಸಣ್ಣ ಕೈಟ್ ಸಾಕು. ವಿದ್ಯುತ್ ತಂತಿಯಿಂದ ದೂರದ ಬಯಲೇ ಬೇಕು. ಗುಡ್ಡ, ಮರಗಳ ಹಿಂದೆ ಅವುಗಳ ಎತ್ತರದ ಏಳೆಂಟು ಪಟ್ಟು ದೂರದವರೆಗೂ ಗಾಳಿ ಸುಳಿಯುತ್ತಿರುತ್ತದೆ. ನವಿಲುತೀರ್ಥ, ಹಿಡಕಲ್ ಜಲಾಶಯಗಳನ್ನು ಕಂಡು ದೊಡ್ಡ ಕೈಟ್ ಬಿಡುವ ಆಸೆಯಾಗುತ್ತದೆ. ಸುತ್ತಲ ಗುಡ್ಡಗಳಿಂದ ಅಲ್ಲಿನ ಗಾಳಿ ತುಂಡುತುಂಡು, ಕಲಿಯುವವರಿಗೆ ಸಲ್ಲದು.

ವಾಪಸು ಹೊರಡುವ ಮುಂಚೆ ಉಳಿದ ಸಿಹಿನೀರಿನಲ್ಲಿ ಬಾರು, ದಾರ, ರಾಟೆ ತೊಳೆಯುತ್ತೇನೆ. ಉಪ್ಪು ಹರಳುಗಟ್ಟಿದರೆ ದಾರ ಒಳಗಿನಿಂದ ಸವೆಯುತ್ತದೆ. ಕೈಟನ್ನು ಮನೆಯಲ್ಲಿ ನೆರಳಿಗೆ ಹರವಿ ಪೂರ್ತಿ ಒಣಗಿಸಿ ಮಡಚಬೇಕು. ಬೆಳಗಾವಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಜಿಟಿಜಿಟಿ ಮಳೆಯಲ್ಲಿ ಹಸಿ ಉಳಿದ ಚೀಲದೊಳಗೆ ಬೂಷ್ಟು ಹಿಡಿಯುತ್ತದೆ. ಮಳೆಗಾಲ ಪೂರ್ತಿ ಚೀಲದ ಜಿಪ್ ನಾಲ್ಕು ಬೆರಳು ತೆರೆದಿಟ್ಟು, ತಿಂಗಳಿಗೊಮ್ಮೆ ಫ್ಯಾನಿನ ಕೆಳಗೆ ಹರವುತ್ತೇನೆ.