ಡೇರೆ ತುದಿ ನೆಟ್ಟು ಗಿಡ ಮಾಡುವ ನನ್ನ ಕ್ರಮ

ಸಿರ್ಸಿ, ಸಾಗರದ ಕಡೆ ಮಳೆಗಾಲದಲ್ಲಿ ಯಾರ ಮನೆಗೆ ಹೋದರೂ ಅಂಗಳದಲ್ಲಿ ಡೇರೆ ಹೂವು ಕಾಣುತ್ತದೆ. ಪೇಟೆಯವರು ಡೇಲಿಯಾ ಎನ್ನುವುದು ಇದಕ್ಕೇ. ಆದರೆ ಒಳ್ಳೆ ಬಣ್ಣದ್ದರ ಗಡ್ಡೆಯನ್ನು ಯಾರೂ ಸುಲಭಕ್ಕೆ ಕೊಡುವುದಿಲ್ಲ. ಅವರದ್ದು ಜಿಪುಣತನ ಎನ್ನುವಂತಿಲ್ಲ. ಒಂದು ಬುಡದಲ್ಲಿ ಐದಾರು ಗಡ್ಡೆ ಇದ್ದರೂ ಎಲ್ಲವೂ ಮೊಳೆಯುವುದಿಲ್ಲ. ಆಲೂಗಡ್ಡೆಗೆ ಮೈಮೇಲೆಲ್ಲ ಕಣ್ಣು, ಡೇರೆಗೆ ಹಾಗಲ್ಲ. ಗಡ್ಡೆ ಕಾಂಡಕ್ಕೆ ಕೂಡುವ ಕುತ್ತಿಗೆಯ ಹತ್ತಿರ ಮಾತ್ರ ಕಣ್ಣಿರುತ್ತದೆ. ಕುತ್ತಿಗೆ ಮುರಿದರೆ ಎಂಥ ದಪ್ಪ ಗಡ್ಡೆಯಾದರೂ ಸುಮ್ನೆ ಮಣ್ಣಲ್ಲಿ ಕೂತಿರುತ್ತದೆ, ಚಿಗುರುವುದಿಲ್ಲ. ಬೀಜ ಹಾಕೋಣವೆಂದರೆ ತಾಯಿಗಿಡದ ಬಣ್ಣವೇ ಬರುತ್ತದೆ ಎನ್ನುವ ಖಾತ್ರಿ ಇಲ್ಲ.

ಉಳಿದದ್ದು ತುದಿ. ನಮ್ಮ ಪಕ್ಕದ ಮನೆಯವರು ಯಾವಾಗಲೂ ಹೇಳುತ್ತಾರೆ, "ಗಡ್ಡೆ ಕೇಳಬೇಡ ಮಾರಾಯ್ತಿ, ತುದಿ ಬೇಕಾದ್ರೆ ಮುರ್ಕೊಂಡು ಹೋಗು." ನನಗೆ ಅಷ್ಟೇ ಸಾಕು.

ನಾನು ಕೆಲಸ ಶುರು ಮಾಡುವುದು ಏಪ್ರಿಲ್ ಕೊನೆಗೆ, ಭರಣಿ ಮಳೆಯ ಹೊತ್ತಿಗೆ. ಒಂದೆರಡು ಅಡ್ಡ ಮಳೆ ಬಿದ್ದರೆ ಹಿಂದಿನ ವರ್ಷ ಎತ್ತಿಟ್ಟ ನನ್ನ ಗಡ್ಡೆ ತಾನಾಗಿಯೇ ಎಚ್ಚರಾಗುತ್ತದೆ. ಅಗಲ ಬಾಯಿಯ ಕುಂಡದಲ್ಲಿ ಮರಳು ಬೆರೆಸಿದ ಮಣ್ಣು ಹಾಕಿ, ಗಡ್ಡೆಯ ಕುತ್ತಿಗೆ ಮೇಲೆ ಕಾಣುವ ಹಾಗೆ ಕೂರಿಸುತ್ತೇನೆ. ಪೂರ್ತಿ ಹೂತರೆ ಚಿಗುರಿನ ಬುಡ ಮಣ್ಣೊಳಗೆ ಉಳಿದುಬಿಡುತ್ತದೆ. ಎಲ್ಲಿ ಕತ್ತರಿಸಬೇಕು ಅಂತ ಕಾಣುವುದಿಲ್ಲ. ಜಗಲಿಯ ಅಂಚಿನಲ್ಲಿ, ಬೆಳಕು ಚೆನ್ನಾಗಿ ಬರುವ ಕಡೆ ಇಡುತ್ತೇನೆ. ಕತ್ತಲಲ್ಲಿಟ್ಟರೆ ಚಿಗುರು ಸಣಕಲಾಗಿ ಉದ್ದಕ್ಕೆ ಏಳುತ್ತದೆ, ಅದು ಯಾವ ಕೆಲಸಕ್ಕೂ ಬಾರದು.

ಚಿಗುರು ಮೂರು ನಾಲ್ಕು ಇಂಚು ಆಗಿ, ಎರಡು ಮೂರು ಜೊತೆ ಎಲೆ ಬಿಟ್ಟಾಗ ಕತ್ತರಿಸುವ ಹೊತ್ತು. ಹೊಸ ಬ್ಲೇಡು ಬೇಕು. ಹಳೆ ಕತ್ತರಿ ಕಾಂಡವನ್ನು ಜಜ್ಜುತ್ತದೆ, ಜಜ್ಜಿದ ಜಾಗದಿಂದಲೇ ಕೊಳೆ ಶುರು. ಬುಡವನ್ನು ಪೂರ್ತಿ ಕೆತ್ತಿ ತೆಗೆಯುವುದಿಲ್ಲ, ಒಂದು ಗೆಣ್ಣು, ಅಂದರೆ ಕಾಂಡದಲ್ಲಿ ಎಲೆ ಹೊರಡುವ ಗಂಟು, ಗಡ್ಡೆಯ ಮೇಲೇ ಬಿಡುತ್ತೇನೆ. ಅಲ್ಲಿಂದ ಮತ್ತೆ ಎರಡು ಚಿಗುರು ಬರುತ್ತವೆ. ಆಸೆಗೆ ಬಿದ್ದು ತೆಗೆಯುತ್ತಲೇ ಇದ್ದರೆ ಗಡ್ಡೆ ಸೊರಗುತ್ತದೆ. ಎರಡು ಸಲ ತೆಗೆದ ಮೇಲೆ ಬಂದ ಚಿಗುರು ತಾಯಿಗೇ ಇರಲಿ ಅಂತ ಬಿಟ್ಟುಬಿಡುತ್ತೇನೆ.

ಕತ್ತರಿಸಿದ ತುಂಡನ್ನು ತಿರುಗಿಸಿ ನೋಡಬೇಕು. ಡೇರೆಯಲ್ಲಿ ಬಹಳ ಮುಖ್ಯ ಇದೇ. ಕೊಯ್ದ ಜಾಗ ತುಂಬಿಕೊಂಡು ತಿಳಿ ಹಸಿರಾಗಿ, ನೀರು ಜಿನುಗುತ್ತಾ ಇದ್ದರೆ ಒಳ್ಳೆಯದು. ನಡುವೆ ತೂತು ಕಂಡರೆ ಗೊಬ್ಬರದ ಗುಂಡಿಗೆ ಹಾಕುತ್ತೇನೆ. ಡೇರೆ ಕಾಂಡ ಬಲಿತ ಹಾಗೆ ಒಳಗೆ ಟೊಳ್ಳಾಗುತ್ತದೆ. ಟೊಳ್ಳಿನೊಳಗೆ ನೀರು ನಿಂತರೆ ಬೇರು ಬರುವ ಮೊದಲೇ ಕೊಳೆಯುತ್ತದೆ. ದಾಸವಾಳಕ್ಕೆ ಬಲಿತ ಗೆಲ್ಲು ಹುಡುಕಿ ಅಭ್ಯಾಸ ಆದವರಿಗೆ ಇದು ಉಲ್ಟಾ ಅನಿಸುತ್ತದೆ, ಅಲ್ವಾ? ಡೇರೆಗೆ ಎಳೆಯದೇ ಬೇಕು.

ಇನ್ನೊಂದು ಸಂಗತಿ, ಇದನ್ನು ಹೇಳುವವರು ಕಡಿಮೆ. ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಬೇಕು, ಆ ಗೆಣ್ಣು ಮಣ್ಣೊಳಗೆ ಹೋಗಬೇಕು. ಗೆಣ್ಣುಗಳ ನಡುವಿನ ಜಾಗದಿಂದಲೂ ಬೇರು ಬರುತ್ತದೆ, ಗಿಡ ಬೆಳೆಯುತ್ತದೆ, ಹೂವೂ ಬಿಡುತ್ತದೆ. ಗಡ್ಡೆಯನ್ನೂ ಕಟ್ಟಬಹುದು. ಆದರೆ ಒಂದು ಗೆಣ್ಣಾದರೂ ಹೂತಿರದಿದ್ದರೆ ಗಡ್ಡೆಗೆ ಕಣ್ಣು ಇರುವುದಿಲ್ಲ. ಮುಂದಿನ ವರ್ಷ ನೀರು ಹಾಕಿ ಕಾದದ್ದೇ ಬಂತು. ಕೆಳಗಿನ ಜೊತೆ ಎಲೆಯನ್ನು ತೆಗೆಯುವಾಗಲೂ ಉಗುರಿನಿಂದ ಸಿಗಿಯಬಾರದು. ಎಲೆಯ ಕಂಕುಳಲ್ಲಿ ಸಣ್ಣ ಮೊಗ್ಗಿನಂಥದ್ದು ಇರುತ್ತದೆ, ಅದೇ ಮುಂದೆ ಕಣ್ಣಾಗುವುದು. ಎಲೆತೊಟ್ಟನ್ನು ಒಂದು ಎಳ್ಳಿನಷ್ಟು ಬಿಟ್ಟು ಕೊಯ್ದರೆ ಅದಕ್ಕೆ ಏಟು ಬೀಳುವುದಿಲ್ಲ.

ನೆಡುವುದಕ್ಕೆ ಹೊಳೆ ಮರಳು ಅರ್ಧ, ತೆಂಗಿನ ನಾರಿನ ಪುಡಿ ಅರ್ಧ. ಮರಳು ಸಿಗದಿದ್ದರೆ ಸುಡುಮಣ್ಣು ಜರಡಿ ಹಿಡಿದು ಹಾಕಿ. ಗೊಬ್ಬರ ಮಾತ್ರ ಬೇಡ. ಸಣ್ಣ ಪ್ಲಾಸ್ಟಿಕ್ ಕೊಟ್ಟೆಗೆ (ಚೀಲಕ್ಕೆ) ತೂತು ಮಾಡಿ ತುಂಬಿಸಿ, ಕಡ್ಡಿಯಿಂದ ಗುಳಿ ತೆಗೆದು ತುಂಡು ಇಳಿಸಿ, ಸುತ್ತ ಒತ್ತಿದರೆ ಮುಗಿಯಿತು. ಬೇರು ಬರಿಸುವ ಪುಡಿ ಅಂಗಡಿಯಲ್ಲಿ ಸಿಗುತ್ತದೆ. ಎಳೆ ಚಿಗುರಾದರೆ ಡೇರೆಗೆ ಅದರ ಅಗತ್ಯ ನನಗೆ ಕಂಡಿಲ್ಲ. ಜೇನುತುಪ್ಪ, ಲೋಳೆಸರ ಹಚ್ಚುವವರಿದ್ದಾರೆ, ಹಚ್ಚಲಿ. ಲೋಟದ ನೀರಿನಲ್ಲಿ ಇಡುವುದು ಮಾತ್ರ ಈ ಗಿಡಕ್ಕೆ ಹೊಂದುವುದಿಲ್ಲ, ಬುಡ ಬೇಗ ಲೋಳೆಯಾಗುತ್ತದೆ.

ಕೊಟ್ಟೆಗಳನ್ನು ಅಡಿಕೆ ಹಾಳೆಯ ಮೇಲೆ ಸಾಲಾಗಿಟ್ಟು, ಮಳೆ ನೇರ ಬೀಳದ ಕಡೆ ಇಡಬೇಕು. ಸೂರಿನ ಹನಿ ಬೀಳುವ ಸಾಲಿನಿಂದಲೂ ದೂರ. ಮೇ ತಿಂಗಳ ಒಣ ಗಾಳಿಗೆ ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಹೊದಿಸುತ್ತೇನೆ. ರೋಹಿಣಿ ಮಳೆ ಹಿಡಿದ ಮೇಲೆ ಗಾಳಿಯೇ ಒದ್ದೆ, ಹೊದಿಕೆ ತೆಗೆದುಬಿಡುತ್ತೇನೆ. ಇಲ್ಲದಿದ್ದರೆ ಬೂಷ್ಟು.

ಮೊದಲ ದಿನ ಎಲೆ ಜೋತು ಬೀಳುತ್ತದೆ. ಬಾಡಿತು ಅಂತ ಮತ್ತೆ ಮತ್ತೆ ನೀರು ಹುಯ್ಯಬಾರದು. ಸಂಜೆಯ ತಂಪಿಗೆ ಎದ್ದು ನಿಂತರೆ ಬದುಕಿದೆ ಅಂತಲೇ ಲೆಕ್ಕ. ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. ತುದಿಯಲ್ಲಿ ಹೊಸ ಎಲೆ ಬಿಚ್ಚುವುದು ಒಂದು ಗುರುತು, ಕೊಟ್ಟೆಯ ತೂತಲ್ಲಿ ಬಿಳಿ ಬೇರು ಇಣುಕುವುದು ಇನ್ನೂ ಗಟ್ಟಿ ಗುರುತು. ದಿನಾ ಕಿತ್ತು ನೋಡುವವರ ಗಿಡ ಬದುಕುವುದಿಲ್ಲ.

ಅಂಗಳಕ್ಕಿಳಿಸಿದ ಮೇಲೆ ದೊಡ್ಡ ಕಾಟ ಬಸವನಹುಳುವಿನದ್ದು. ಒಂದೇ ರಾತ್ರಿಯಲ್ಲಿ ಬುಡದವರೆಗೆ ತಿಂದು ಮುಗಿಸುತ್ತದೆ. ಬೂದಿ ಸುರಿಯಿರಿ ಎನ್ನುತ್ತಾರೆ, ಮಲೆನಾಡಿನ ಮಳೆಯಲ್ಲಿ ಬೂದಿ ಎಷ್ಟು ಹೊತ್ತು ಉಳಿದೀತು? ರಾತ್ರಿ ಟಾರ್ಚು ಹಿಡಿದು ಹೆಕ್ಕುವುದೇ ಸರಿ. ಗಿಡ ನಾಲ್ಕು ಜೊತೆ ಎಲೆ ಬಿಟ್ಟಾಗ ತಲೆ ಚಿವುಟಿದರೆ ಕವಲು ಜಾಸ್ತಿ. ಚಿವುಟಿದ ತುದಿ ಟೊಳ್ಳಾಗಿರದಿದ್ದರೆ ಅದನ್ನೂ ನೆಡಬಹುದು. ಆಸರೆಗೆ ಅಡಿಕೆ ದಬ್ಬೆ, ಕಟ್ಟಲು ಬಾಳೆಪಟ್ಟೆಯ ನಾರು. ಮೇ ಕೊನೆಗೆ ನೆಟ್ಟದ್ದು ಸಾಮಾನ್ಯವಾಗಿ ಚೌತಿಯ ಆಸುಪಾಸಿಗೆ ಹೂ ಕೊಡುತ್ತದೆ.

ಎಲೆಯ ನರದ ಗುಂಟ ಹಳದಿ ಪಟ್ಟೆ ಬಂದು, ಗಿಡ ಮೊಟುಕಾಗಿದ್ದರೆ ಅದರ ತುದಿ ಮುಟ್ಟುವುದಿಲ್ಲ, ಎಷ್ಟೇ ಚೆಂದದ ಬಣ್ಣವಿರಲಿ. ಅದು ವೈರಸ್ ರೋಗ, ತುಂಡಿನ ಜೊತೆಗೇ ಬರುತ್ತದೆ. ಬ್ಲೇಡಿನಿಂದಲೂ ದಾಟಬಹುದು ಅಂತ ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳುತ್ತೇನೆ.

ಮಳೆ ಮುಗಿದು ಹಗಲು ಕಿರಿದಾದಾಗ ಗಡ್ಡೆ ಕಟ್ಟುತ್ತದೆ. ತುಂಡಿನಿಂದ ಬಂದ ಗಿಡದ್ದು ಮೊದಲ ವರ್ಷ ಸಣ್ಣದು. ಅದನ್ನು ಬಿಡಿಸಿ ಬೇರೆ ಬೇರೆ ಮಾಡುವುದಿಲ್ಲ. ಕಾಂಡ ಒಣಗಿದ ಮೇಲೆ ಬುಡ ಸಮೇತ ಎತ್ತಿ, ಒಣ ಮರಳು ತುಂಬಿದ ಡಬ್ಬಿಯಲ್ಲಿ ಹೂತು ಅಟ್ಟಕ್ಕೆ ಏರಿಸುತ್ತೇನೆ. ಡಬ್ಬಿಯ ಮೇಲೆ ಬಣ್ಣ ಯಾವುದು, ಯಾರ ಮನೆಯದು ಎರಡನ್ನೂ ಬರೆದಿಡುತ್ತೇನೆ. ಅವರ ಮನೆಯಲ್ಲಿ ಗಡ್ಡೆ ಕೊಳೆತು ಹೋದ ವರ್ಷ ಅವರೇ ತುದಿ ಕೇಳಿಕೊಂಡು ಬರುತ್ತಾರೆ.